ಟೆಕ್ನಿಕಲ್ ವರದಿ ಸುಳ್ಳೆನಿಸಿದಾಗ

ಪುಣೆಯ ವಿಮಾನ ನಗರದಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಳ್ಳಲು ಓಡಾಡಿದವರಿಗೆಲ್ಲ ‘ಲೀಗಲ್ ಆಯ್ತು, ಟೆಕ್ನಿಕಲ್ ಬಾಕಿ’ ಎಂಬ ಮಾತು ಚೆನ್ನಾಗಿ ಗೊತ್ತು. ಲೀಗಲ್ ಎಂದರೆ ಬ್ಯಾಂಕಿನ ಪ್ಯಾನಲ್ ವಕೀಲರು ಕಾಗದಪತ್ರ ನೋಡಿ ಕೊಡುವ ಅಭಿಪ್ರಾಯ. ಟೆಕ್ನಿಕಲ್ ಎಂದರೆ ಪ್ಯಾನಲ್ ವ್ಯಾಲ್ಯುಯರ್ ಮನೆಗೆ ಬಂದು, ಅಳೆದು, ಫೋಟೊ ತೆಗೆದು, ಇದರ ಬೆಲೆ ಇಷ್ಟು ಎಂದು ಬರೆದುಕೊಡುವ ವರದಿ. ಎಷ್ಟು ಸಾಲ ಸಿಗುತ್ತದೆ ಎಂಬುದು ಬಹುಮಟ್ಟಿಗೆ ಈ ಎರಡನೆಯ ವರದಿಯ ಮೇಲೆ ನಿಂತಿದೆ. ಅದರ ಶುಲ್ಕ ಹೋಗುವುದು ಸಾಲಗಾರನ ಜೇಬಿನಿಂದ, ವರದಿ ಸೇರುವುದು ಬ್ಯಾಂಕಿನ ಕಡತಕ್ಕೆ. ವಿಜಯಪುರ, ಕಲಬುರಗಿ, ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತ ನಮ್ಮ ಜನ ಇಪ್ಪತ್ತು ವರ್ಷ ಕಂತು ಕಟ್ಟುತ್ತಾರೆ; ಆ ಕಂತಿಗೆ ಆಧಾರವಾದ ನಾಲ್ಕು ಹಾಳೆಗಳನ್ನು ಒಮ್ಮೆಯೂ ನೋಡಿರುವುದಿಲ್ಲ. ಮೋಸಕ್ಕೆ ಜಾಗ ಸಿಗುವುದು ಇಲ್ಲೇ.

ಮೋಸ ನಡೆಯುವ ಬಗೆ

ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷ ರೂಪಾಯಿವರೆಗೆ ಇದ್ದರೆ ಮನೆಯ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75ರಷ್ಟು ಮಾತ್ರ ಕೊಡಬಹುದು. ಉಳಿದದ್ದನ್ನು ಕೊಳ್ಳುವವರೇ ಹೊಂದಿಸಬೇಕು. ಆ ‘ಉಳಿದದ್ದು’ ಕೈಯಲ್ಲಿ ಇಲ್ಲದಾಗ ಏಜೆಂಟ್ ಒಂದು ದಾರಿ ತೋರಿಸುತ್ತಾನೆ: ‘ಡೌನ್ ಪೇಮೆಂಟಿನ ಚಿಂತೆ ಬಿಡಿ, ವ್ಯಾಲ್ಯುಯೇಶನ್ ನಾವು ಮಾಡಿಸ್ತೀವಿ.’

ಈ ಮಾತಿನ ಅರ್ಥ ಲೆಕ್ಕದಲ್ಲಿ ತಿಳಿಯುತ್ತದೆ. 80 ಲಕ್ಷದ ಫ್ಲ್ಯಾಟಿಗೆ ಶೇ 80ರಂತೆ 64 ಲಕ್ಷ ಸಾಲ ಸಿಗಬೇಕು. ಕರಾರಿನಲ್ಲೂ ಟೆಕ್ನಿಕಲ್ ವರದಿಯಲ್ಲೂ ಅದನ್ನೇ 1 ಕೋಟಿ ಎಂದು ತೋರಿಸಿದರೆ 75 ಲಕ್ಷದವರೆಗೆ ಸಿಗುತ್ತದೆ. ಕೈಯಿಂದ ಹಾಕಬೇಕಿದ್ದ 16 ಲಕ್ಷ 5 ಲಕ್ಷಕ್ಕೆ ಇಳಿಯಿತು ಎಂದು ಕೊಳ್ಳುವವರಿಗೆ ಸಮಾಧಾನ. ಆದರೆ ಹೆಚ್ಚಾದ 11 ಲಕ್ಷಕ್ಕೆ ಶೇ 8.5 ಬಡ್ಡಿ, 20 ವರ್ಷದ ಅವಧಿ ಹಿಡಿದರೆ ತಿಂಗಳಿಗೆ ಸುಮಾರು 9,550 ರೂಪಾಯಿ ಕಂತು, ಒಟ್ಟು ಸುಮಾರು 23 ಲಕ್ಷ. ಪುಣೆಯಲ್ಲಿ ಮುದ್ರಾಂಕ ಶುಲ್ಕ ಮೆಟ್ರೊ ಸೆಸ್ ಸೇರಿ ಶೇ 7, ಮಹಿಳೆಯರ ಹೆಸರಿಗಾದರೆ ಶೇ 6. ಇಲ್ಲದ 20 ಲಕ್ಷದ ಮೇಲೂ ಅದನ್ನು ಕಟ್ಟಬೇಕು. ಮುಂದೆ ಕೆಲಸ ಹೋಗಿ ಕಂತು ತಪ್ಪಿದರೆ ಹರಾಜಿನಲ್ಲಿ ಆ ಮನೆಗೆ 1 ಕೋಟಿ ಬರುವುದಿಲ್ಲ. ಮನೆಯೂ ಹೋಗಿ ಸಾಲವೂ ಉಳಿಯುತ್ತದೆ.

ಉಬ್ಬಿಸುವುದು ಮೋಸದ ಒಂದು ಮುಖವಾದರೆ ತಗ್ಗಿಸುವುದು ಇನ್ನೊಂದು. ಕಂತು ಕಟ್ಟಲಾಗದವರ ಮನೆಯನ್ನು 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿಗೆ ಇಡುವ ಮೊದಲು ಬ್ಯಾಂಕಿನ ಅಧಿಕಾರಿ ಅನುಮೋದಿತ ಮೌಲ್ಯಮಾಪಕರಿಂದ ವರದಿ ತರಿಸಿ ಮೀಸಲು ಬೆಲೆ ನಿಗದಿ ಮಾಡಬೇಕು. ಮೊದಲೇ ಗೊತ್ತುಮಾಡಿಕೊಂಡ ಖರೀದಿದಾರನಿಗಾಗಿ ಆ ವರದಿಯಲ್ಲಿ ಬೆಲೆ ಇಳಿದರೆ ನಷ್ಟವಾಗುವುದು ಮನೆಯವರಿಗೆ. ಇಂಥ ಸಂದರ್ಭದಲ್ಲಿ ದೂರು ಬರೆಯುತ್ತ ಕೂರಬಾರದು. ಬ್ಯಾಂಕ್ ಕ್ರಮ ಕೈಗೊಂಡ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, 17ನೇ ಕಲಮಿನಡಿ ಅರ್ಜಿ ಹಾಕಬೇಕು. ಪುಣೆಯಲ್ಲೇ ಡಿಆರ್‌ಟಿ ಇದೆ.

ತಪ್ಪು ಬೇರೆ, ವಂಚನೆ ಬೇರೆ

ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಸ್ವಂತದ್ದೆಂಬಂತೆ ಇತ್ತು. ಅದರ ಹೈದರಾಬಾದ್ ನಾರಾಯಣಗುಡ ಶಾಖೆಯಲ್ಲಿ ಸುಳ್ಳು ದಾಖಲೆಗಳ ಮೇಲೆ ಗೃಹಸಾಲ ಮಂಜೂರಾಗಿ ಬ್ಯಾಂಕಿಗೆ 1.27 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಸಿಬಿಐ 2005ರಲ್ಲಿ ಮೊಕದ್ದಮೆ ಹೂಡಿತು. ಆರೋಪಪಟ್ಟಿಯಲ್ಲಿ ಅಭಿಪ್ರಾಯ ಕೊಟ್ಟ ಪ್ಯಾನಲ್ ವಕೀಲರೂ ವರದಿ ಕೊಟ್ಟ ಮೌಲ್ಯಮಾಪಕರೂ ಇದ್ದರು; ಆಸ್ತಿಯ ನಿಜ ಮಾಲೀಕರು ಯಾರೆಂಬುದನ್ನು ಇವರು ತಮ್ಮ ವರದಿಗಳಲ್ಲಿ ಹೇಳಲಿಲ್ಲ ಎಂಬುದು ಆಪಾದನೆ. ವಕೀಲರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತು. ಸಿಬಿಐ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ಪಿ. ಸದಾಶಿವಂ ಮತ್ತು ನ್ಯಾಯಮೂರ್ತಿ ಜೆ.ಎಸ್. ಖೇಹರ್ ಅವರ ಪೀಠ ಮೇಲ್ಮನವಿಯನ್ನು ತಳ್ಳಿಹಾಕಿತು. ಕೊಟ್ಟ ಅಭಿಪ್ರಾಯ ತಪ್ಪಾಗಿದೆ ಎಂಬುದೊಂದರಿಂದಲೇ ಅಪರಾಧ ಆಗುವುದಿಲ್ಲ, ಉಳಿದ ಆರೋಪಿಗಳ ಜೊತೆ ಶಾಮೀಲಾಗಿದ್ದರು ಎಂಬುದಕ್ಕೆ ಗಟ್ಟಿ ಆಧಾರ ಬೇಕು ಎಂಬುದು ಆ ತೀರ್ಪಿನ ತಿರುಳು.

ತೀರ್ಪು ವಕೀಲರ ಕುರಿತದ್ದಾದರೂ ದೂರು ಬರೆಯಲು ಕೂತವರೆಲ್ಲ ಅದನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೌಲ್ಯಮಾಪನದಲ್ಲಿ ಕೊನೆಗೆ ಬರುವ ಅಂಕಿ ಒಂದು ಅಭಿಪ್ರಾಯ. ಒಂದೇ ಫ್ಲ್ಯಾಟಿಗೆ ಇಬ್ಬರು ಪ್ರಾಮಾಣಿಕರು 92 ಲಕ್ಷ, 97 ಲಕ್ಷ ಎಂದು ಬರೆಯಬಹುದು. ‘ಬೆಲೆ ಜಾಸ್ತಿ ಹಾಕಿದ್ದಾರೆ’ ಎಂಬ ದೂರು ಅಲ್ಲೇ ಬಿದ್ದುಹೋಗುವುದು ಈ ಕಾರಣಕ್ಕೆ. ಆದರೆ ಆ ಅಂಕಿಯ ಕೆಳಗಿರುವ ಸಂಗತಿಗಳು ಅಭಿಪ್ರಾಯಗಳಲ್ಲ. ಮೌಲ್ಯಮಾಪಕರು ಯಾವ ದಿನ ಬಂದರು, ಒಳಗೆ ಬಂದರೋ ಇಲ್ಲವೋ, ಕಾರ್ಪೆಟ್ ವಿಸ್ತೀರ್ಣ ಎಷ್ಟು, ಎಷ್ಟನೇ ಮಹಡಿ, ಕಟ್ಟಡಕ್ಕೆ ಎಷ್ಟು ವಯಸ್ಸು, ಫೋಟೊದಲ್ಲಿರುವುದು ಈ ಮನೆಯೋ ಬೇರೆಯದೋ, ಹೋಲಿಕೆಗೆ ಹಿಡಿದ ಮಾರಾಟಗಳು ನಿಜವಾಗಿ ನಡೆದವೋ — ಇವೆಲ್ಲ ಹೌದು ಇಲ್ಲ ಎಂದು ತಾಳೆ ನೋಡಬಹುದಾದವು. ದೂರು ಇವುಗಳ ಮೇಲೆ ನಿಲ್ಲಬೇಕು.

ತಾಳೆ ನೋಡುವುದು ಹೇಗೆ

ಮೊದಲು ವರದಿಯ ಪ್ರತಿ ಬೇಕು. ಅಮೆರಿಕದಲ್ಲಿ ಸಾಲ ಕೊಡುವವರು ಮೌಲ್ಯಮಾಪನ ವರದಿಯ ಪ್ರತಿಯನ್ನು ಸಾಲದ ವ್ಯವಹಾರ ಮುಗಿಯುವ ಮೂರು ದಿನ ಮೊದಲೇ ಸಾಲಗಾರನ ಕೈಗೆ ಕೊಡಬೇಕೆಂಬ ನಿಯಮ 2014ರಿಂದ ಜಾರಿಯಲ್ಲಿದೆ. ಅಲ್ಲಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದು ಸಹಜ ಸಂಗತಿ. ಇಲ್ಲಿ ಕೇಳಿ ಪಡೆಯಬೇಕು. ಶುಲ್ಕ ಕಟ್ಟಿದ ರಸೀದಿ ಲಗತ್ತಿಸಿ, ‘ನನ್ನ ಸಾಲದ ಅರ್ಜಿಗೆ ಸಂಬಂಧಿಸಿದ ಟೆಕ್ನಿಕಲ್ ವರದಿಯ ಪ್ರತಿ ಕೊಡಿ’ ಎಂದು ಶಾಖೆಗೆ ಇ-ಮೇಲ್ ಮಾಡಿ. ಕೊಡುವುದಿಲ್ಲ ಎಂದರೆ ಆ ಉತ್ತರವೂ ಬರಹದಲ್ಲೇ ಇರಲಿ. ಮುಂದೆ ಅದೂ ಒಂದು ದಾಖಲೆ.

ಎರಡನೆಯದು ಇಂಡೆಕ್ಸ್-2. ಕರ್ನಾಟಕದಿಂದ ಬಂದವರು ಇಲ್ಲಿ ಋಣಭಾರ ಪತ್ರ, ಅಂದರೆ ಇಸಿ, ಹುಡುಕಿ ತಬ್ಬಿಬ್ಬಾಗುತ್ತಾರೆ. ಮಹಾರಾಷ್ಟ್ರದಲ್ಲಿ ಅದರ ಕೆಲಸವನ್ನು ಬಹುಪಾಲು ಇಂಡೆಕ್ಸ್-2 ಮತ್ತು ವಕೀಲರ ಸರ್ಚ್ ರಿಪೋರ್ಟ್ ಮಾಡುತ್ತವೆ. ರಾಜ್ಯದ ನೋಂದಣಿ ಮಹಾನಿರೀಕ್ಷಕರ ಕಚೇರಿ, ಜನರ ಬಾಯಲ್ಲಿ ಐಜಿಆರ್, ಪುಣೆಯಲ್ಲೇ ವಿಧಾನ ಭವನದ ಎದುರಿಗಿದೆ. ಅದರ ಜಾಲತಾಣದಲ್ಲಿ ಇ-ಸರ್ಚ್ ಎಂಬ ಉಚಿತ ಸೌಲಭ್ಯವಿದೆ. ವರ್ಷ, ಗ್ರಾಮ, ಸರ್ವೆ ನಂಬರು ಕೊಟ್ಟರೆ ಅಲ್ಲಿ ನೋಂದಣಿಯಾದ ವ್ಯವಹಾರಗಳು ಕಾಣುತ್ತವೆ. ವಿಮಾನ ನಗರ ಎಂದು ಹುಡುಕಿ ಏನೂ ಸಿಗಲಿಲ್ಲವೆಂದು ಎದ್ದು ಬಿಡಬೇಡಿ. ಬಡಾವಣೆಗೆ ಈ ಹೆಸರು ಬರುವ ಮೊದಲಿನ ಕಂದಾಯ ಗ್ರಾಮದ ಹೆಸರೇ ದಾಖಲೆಯಲ್ಲಿರುತ್ತದೆ, ಲೋಹಗಾಂವ್ ಅಥವಾ ವಡಗಾಂವ್ ಶೇರಿ, ಹವೇಲಿ ತಾಲೂಕು. ನಿಮ್ಮ ಕರಾರಿನ ಮೊದಲ ಪುಟಗಳಲ್ಲಿ ಸರ್ವೆ ನಂಬರು ಇದೆ.

ಇಂಡೆಕ್ಸ್-2 ಮರಾಠಿಯಲ್ಲಿರುತ್ತದೆ. ‘ಮೊಬದಲಾ’ ಎಂದರೆ ಕರಾರಿನಂತೆ ಕೊಟ್ಟ ಬೆಲೆ. ‘ಬಾಜಾರಭಾವ’ ಎಂದರೆ ಸರ್ಕಾರದ ದರಪಟ್ಟಿಯಂತೆ ಕಟ್ಟಿದ ಮೌಲ್ಯ. ‘ಕ್ಷೇತ್ರಫಳ’ ವಿಸ್ತೀರ್ಣ. ನಮ್ಮ ಕಡೆ ಮಾರ್ಗಸೂಚಿ ದರ ಎನ್ನುವುದನ್ನು ಇಲ್ಲಿ ರೆಡಿ ರೆಕನರ್ ಎನ್ನುತ್ತಾರೆ. ರೆಡಿ ರೆಕನರ್ ದರ ಮುದ್ರಾಂಕ ಶುಲ್ಕ ಲೆಕ್ಕಹಾಕಲು ಇರುವಂಥದ್ದು. ವ್ಯಾಲ್ಯುಯರ್ ಬರೆದ ಬೆಲೆ ಅದಕ್ಕಿಂತ ಹೆಚ್ಚಿದೆ ಎಂಬುದರಿಂದ ಮೋಸ ಸಾಬೀತಾಗುವುದಿಲ್ಲ. ಅದೇ ಕಟ್ಟಡದಲ್ಲಿ, ಅದೇ ವಿಸ್ತೀರ್ಣದ ಮನೆಗಳು ಕಳೆದ ಒಂದೂವರೆ ವರ್ಷದಲ್ಲಿ ಎಷ್ಟಕ್ಕೆ ನೋಂದಣಿಯಾಗಿವೆ ಎಂಬ ಹೋಲಿಕೆಗೆ ಹೆಚ್ಚು ಬಲವಿದೆ. ಅಲ್ಲಿಯ ಮೂರು ನಾಲ್ಕು ಮಾರಾಟಗಳು 80 ಲಕ್ಷದ ಆಸುಪಾಸಿನಲ್ಲಿದ್ದು, ನಿಮ್ಮ ವರದಿ ಒಂದೂ ನೋಂದಾಯಿತ ಮಾರಾಟವನ್ನು ಹೆಸರಿಸದೆ ‘ಸ್ಥಳೀಯ ವಿಚಾರಣೆಯಂತೆ’ 1 ಕೋಟಿ ಎಂದಿದ್ದರೆ ಕಾರಣ ಕೇಳಲು ನಿಮಗೆ ನೆಲೆ ಸಿಕ್ಕಿತು.

ವಿಸ್ತೀರ್ಣದ ಆಟ ಬಲು ಹಳೆಯದು. 2016ರ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣ ಎಂದರೇನೆಂದು ಖಚಿತವಾಗಿ ಹೇಳಿದೆ. ಮನೆಯೊಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪುಗಳ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ‘ಸೇಲೆಬಲ್’ ಎಂಬ ದೊಡ್ಡ ಅಂಕಿಯನ್ನು ಕಾರ್ಪೆಟ್ ದರದಿಂದ ಗುಣಿಸಿಬಿಟ್ಟರೆ ಕುಳಿತಲ್ಲೇ ಬೆಲೆ ಏರುತ್ತದೆ. ಟೇಪು ಹಿಡಿದು ಕೋಣೆ ಕೋಣೆ ಅಳೆಯಿರಿ. ಮಹಾನಗರ ಪಾಲಿಕೆಯ ಮಂಜೂರಾದ ನಕ್ಷೆ, ಪೂರ್ಣತೆಯ ಪ್ರಮಾಣಪತ್ರ, ಆಸ್ತಿ ತೆರಿಗೆಯ ಬಿಲ್ ಇವುಗಳಲ್ಲಿರುವ ವಿಸ್ತೀರ್ಣದ ಪಕ್ಕದಲ್ಲಿ ವರದಿಯದನ್ನು ಬರೆದು ನೋಡಿ.

ವಿಮಾನ ನಗರಕ್ಕೆ ವಿಶೇಷವಾದ ಒಂದು ಅಂಶವೂ ಇದೆ. ಪಕ್ಕದ ಲೋಹಗಾಂವ್ ವಿಮಾನ ನಿಲ್ದಾಣ ವಾಯುಪಡೆಯ ನೆಲೆಯೂ ಹೌದು. ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಇದೆ, ಎನ್‌ಒಸಿ ಬೇಕು. ನೆಲೆಯ ಗಡಿಯ ಹತ್ತಿರದ ಜಾಗಗಳಿಗೆ 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆಯ ನಿರ್ಬಂಧಗಳೂ ತಗಲುತ್ತವೆ. ಮಂಜೂರಾತಿಗಿಂತ ಹೆಚ್ಚಾಗಿ ಎಬ್ಬಿಸಿದ ಮಹಡಿಯಲ್ಲಿರುವ ಮನೆಗೆ ಪೂರ್ತಿ ಮಾರುಕಟ್ಟೆ ಬೆಲೆ ಕಟ್ಟಿ, ಮಂಜೂರಾತಿಯ ಸುದ್ದಿಯನ್ನೇ ಎತ್ತದ ವರದಿ ಅನುಮಾನಕ್ಕೆ ಅರ್ಹ. 2024ರ ಮಾರ್ಚ್‌ನಲ್ಲಿ ರಾಮವಾಡಿವರೆಗೆ ಮೆಟ್ರೊ ಬಂದ ಮೇಲೆ ಈ ಭಾಗದ ಮನೆಗಳ ಜಾಹೀರಾತಿನಲ್ಲೆಲ್ಲ ‘ಮೆಟ್ರೊ ಪಕ್ಕದಲ್ಲೇ’ ಎಂಬ ಸಾಲಿದೆ. ವರದಿಯಲ್ಲೂ ಹಾಗೇ ಇದ್ದರೆ ನಡೆದು ನೋಡಿ.

ಸಂದೇಹ ಉಳಿದರೆ ಇನ್ನೊಬ್ಬ ಮೌಲ್ಯಮಾಪಕರಿಂದ ಸ್ವಂತ ಖರ್ಚಿನಲ್ಲಿ ವರದಿ ತರಿಸಿ. ಕಂಪನಿ ಕಾಯ್ದೆಯ 247ನೇ ಕಲಮು ಮತ್ತು 2017ರ ನಿಯಮಗಳಂತೆ ನೋಂದಾಯಿತ ಮೌಲ್ಯಮಾಪಕರ ಪಟ್ಟಿಯನ್ನು ದಿವಾಳಿ ಮಂಡಳಿ, ಅಂದರೆ ಐಬಿಬಿಐ, ಇಟ್ಟಿದೆ. ‘ಭೂಮಿ ಮತ್ತು ಕಟ್ಟಡ’ ವರ್ಗದಲ್ಲಿ ನೋಂದಾಯಿಸಿಕೊಂಡವರನ್ನೇ ಆರಿಸಿ. ಹತ್ತು ರೂಪಾಯಿ ಮತ್ತು ತೆರಿಗೆ ಕೊಟ್ಟರೆ ಸರ್ಸೈ ಎಂಬ ಕೇಂದ್ರೀಯ ದಾಖಲೆಯಲ್ಲಿ ಆ ಫ್ಲ್ಯಾಟಿನ ಮೇಲೆ ಈಗಾಗಲೇ ಬೇರೆ ಸಾಲ ಇದೆಯೇ ಎಂದೂ ನೋಡಬಹುದು; ಒಂದೇ ಮನೆಯ ಮೇಲೆ ಎರಡು ಕಡೆ ಸಾಲ ಎತ್ತುವುದನ್ನು ತಡೆಯಲೆಂದೇ ಅದು 2011ರಲ್ಲಿ ಶುರುವಾಯಿತು.

ಯಾರಿಗೆ ಹೇಳಬೇಕು

ಮೊದಲ ದೂರು ಸಾಲ ಕೊಟ್ಟ ಸಂಸ್ಥೆಗೇ ಹೋಗಬೇಕು. ಶಾಖೆಯವರ ಮೇಲೇ ಅನುಮಾನವಿದ್ದರೆ ಶಾಖಾ ವ್ಯವಸ್ಥಾಪಕರ ಮೇಜಿನ ಮೇಲೆ ಇಡಬೇಡಿ. ಪ್ರತಿ ಬ್ಯಾಂಕಿಗೂ ಪ್ರಧಾನ ನೋಡಲ್ ಅಧಿಕಾರಿ ಇರುತ್ತಾರೆ. ಸರ್ಕಾರಿ ಬ್ಯಾಂಕಾದರೆ ಮುಖ್ಯ ವಿಚಕ್ಷಣಾಧಿಕಾರಿಯೂ ಇರುತ್ತಾರೆ. ವಿಳಾಸ ಬ್ಯಾಂಕಿನ ಜಾಲತಾಣದಲ್ಲಿ ಸಿಗುತ್ತದೆ. 2024ರ ಜುಲೈ 15ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ವಂಚನೆ ನಿರ್ವಹಣೆಯ ನಿರ್ದೇಶನಗಳು ಈ ಕಾರಣಕ್ಕೆ ಮುಖ್ಯ. ವಂಚನೆಯಲ್ಲಿ ಪಾತ್ರವಿದ್ದ ಮೌಲ್ಯಮಾಪಕರು, ವಕೀಲರು, ಲೆಕ್ಕಪರಿಶೋಧಕರಂಥ ಹೊರಗಿನವರ ಹೆಸರನ್ನು ಬ್ಯಾಂಕುಗಳು ಭಾರತೀಯ ಬ್ಯಾಂಕುಗಳ ಸಂಘಕ್ಕೆ, ಅಂದರೆ ಐಬಿಎಗೆ, ತಿಳಿಸಬೇಕು. ಐಬಿಎ ಇತರ ಬ್ಯಾಂಕುಗಳನ್ನು ಎಚ್ಚರಿಸುತ್ತದೆ. ಪ್ಯಾನಲ್‌ನಿಂದ ಹೊರಬಿದ್ದು ಈ ಪಟ್ಟಿ ಸೇರಿದ ವ್ಯಾಲ್ಯುಯರ್‌ಗೆ ಬೇರೆ ಬ್ಯಾಂಕಿನಲ್ಲಿ ಕೆಲಸ ಸಿಗುವುದು ಕಷ್ಟ. ಗೃಹಸಾಲದ ಮಟ್ಟಿಗೆ ಅವರು ಹೆದರುವುದು ಇದಕ್ಕೇ ಎಂದು ನನಗನಿಸುತ್ತದೆ.

30 ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಿಎಂಎಸ್ ಎಂಬ ಪೋರ್ಟಲಿನಲ್ಲಿ ದೂರು ಹಾಕಬಹುದು. ಚಂಡೀಗಢದ ಕೇಂದ್ರಕ್ಕೆ ಯಾವುದೇ ಭಾಷೆಯಲ್ಲಿ ಬರೆದು ಅಂಚೆಯಲ್ಲಿ ಕಳಿಸಬಹುದು. 14448ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಆದರೆ ಒಂದು ಎಚ್ಚರ. ಎಷ್ಟು ಸಾಲ ಕೊಡಬೇಕೆಂಬ ಬ್ಯಾಂಕಿನ ವ್ಯಾವಹಾರಿಕ ತೀರ್ಮಾನದಲ್ಲಿ ಒಂಬುಡ್ಸ್‌ಮನ್ ಕೈ ಹಾಕುವುದಿಲ್ಲ. ಶುಲ್ಕ ಪಡೆದೂ ಸ್ಥಳಪರಿಶೀಲನೆ ಮಾಡಲಿಲ್ಲ, ವರದಿಯಲ್ಲಿ ತಪ್ಪು ವಿಸ್ತೀರ್ಣವಿದೆ, ಬರೆದು ಕೇಳಿದರೂ ಉತ್ತರಿಸಲಿಲ್ಲ ಎಂದು ಸೇವೆಯ ಕೊರತೆಯಾಗಿ ಬರೆಯಬೇಕು. ಸಾಲ ಕೊಟ್ಟದ್ದು ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ದಾರಿ ಬೇರೆ: ಕಂಪನಿಗೆ ಬರೆದ ಮೇಲೆ ರಾಷ್ಟ್ರೀಯ ವಸತಿ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್. ಎಷ್ಟೋ ಜನ ಬ್ಯಾಂಕ್ ಯಾವುದು, ಹೌಸಿಂಗ್ ಫೈನಾನ್ಸ್ ಯಾವುದು ಎಂದು ನೋಡದೆ ತಪ್ಪು ಬಾಗಿಲು ತಟ್ಟಿ ತಿಂಗಳು ಕಳೆಯುತ್ತಾರೆ. ಸಾಲ ಮಂಜೂರಾತಿ ಪತ್ರದ ತಲೆಯಲ್ಲೇ ಸಂಸ್ಥೆಯ ಪೂರ್ತಿ ಹೆಸರಿದೆ.

ಐಬಿಬಿಐನಲ್ಲಿ ನೋಂದಾಯಿತರಾದ ಮೌಲ್ಯಮಾಪಕರ ಮೇಲೆ 2017ರ ನಿಯಮಗಳ 16ನೇ ನಿಯಮದಂತೆ 1,000 ರೂಪಾಯಿ ಶುಲ್ಕದೊಡನೆ ಆ ಮಂಡಳಿಗೇ ದೂರು ಕೊಡಬಹುದು. ಕಂಪನಿ ಕಾಯ್ದೆಯ ದಂಡನೆಗಳು ಆ ಕಾಯ್ದೆಯಡಿ ಮಾಡಿದ ಮೌಲ್ಯಮಾಪನಕ್ಕೆ ಇರುವಂಥವು. ಗೃಹಸಾಲದ ವರದಿಗೆ ಅವನ್ನು ನೇರವಾಗಿ ಹಚ್ಚುವುದು ಸುಲಭವಲ್ಲ. ಮೌಲ್ಯಮಾಪಕರಿಗೆಲ್ಲ ಒಂದೇ ಕಾನೂನು, ಒಂದೇ ನಿಯಂತ್ರಕ ಸಂಸ್ಥೆ ಬೇಕೆಂದು ಎಂ.ಎಸ್. ಸಾಹೂ ಅಧ್ಯಕ್ಷತೆಯ ತಜ್ಞರ ಸಮಿತಿ 2020ರಲ್ಲೇ ಮಸೂದೆಯ ಕರಡು ಸಮೇತ ಶಿಫಾರಸು ಮಾಡಿತ್ತು. ಅದು ಕಾಯ್ದೆಯಾಗಬೇಕಿತ್ತು. ಅದಾಗದ ಕಾರಣ ಮನೆ ಕೊಳ್ಳುವ ಸಾಮಾನ್ಯರು ಇಷ್ಟು ಬಾಗಿಲು ಅಲೆಯಬೇಕಾಗಿದೆ.

ಸರ್ಕಾರಿ ಬ್ಯಾಂಕಿನ ಅಧಿಕಾರಿಯೇ ಲಂಚ ಪಡೆದು ಕೈಜೋಡಿಸಿದ್ದಾರೆ ಎಂದು ಒಳಗಿನವರಿಗೆ ಗೊತ್ತಿದ್ದು, ಹೆಸರು ಹೊರಬಂದೀತೆಂಬ ಭಯವಿದ್ದರೆ ಕೇಂದ್ರ ವಿಚಕ್ಷಣಾ ಆಯೋಗಕ್ಕೆ 2004ರ ಪಿಐಡಿಪಿಐ ನಿರ್ಣಯದಡಿ ಬರೆಯಬಹುದು. ಲಕೋಟೆಯನ್ನು ಅಂಟಿಸಿ, ಮೇಲೆ ಸಾರ್ವಜನಿಕ ಹಿತದ ಬಹಿರಂಗಪಡಿಸುವಿಕೆಯಡಿ ದೂರು ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಕಳಿಸಿದವರ ಹೆಸರು ಲಕೋಟೆಯ ಮೇಲೆ ಇರಕೂಡದು, ಒಳಗಿನ ಪತ್ರದಲ್ಲಿ ಇರಲೇಬೇಕು. ಹೆಸರನ್ನು ಆಯೋಗ ಗುಟ್ಟಾಗಿ ಇಡುತ್ತದೆ. ಹೆಸರಿಲ್ಲದ ಪತ್ರದ ಮೇಲೆ ಕ್ರಮ ಕೈಗೊಳ್ಳುವುದಿಲ್ಲ.

ಖೋಟಾ ದಾಖಲೆ, ಬೇರೆ ಮನೆಯ ಫೋಟೊ, ಇಲ್ಲದ ಫ್ಲ್ಯಾಟಿಗೆ ವರದಿ ಇಂಥವು ಕೈಗೆ ಸಿಕ್ಕಿದ್ದರೆ ಪೊಲೀಸರಿಗೇ ಹೋಗಬೇಕು. ಈ ಭಾಗಕ್ಕೆ ವಿಮಾನತಳ ಪೊಲೀಸ್ ಠಾಣೆ ಇದೆ; ದೊಡ್ಡ ಜಾಲವೆನಿಸಿದರೆ ಪುಣೆ ಪೊಲೀಸರ ಆರ್ಥಿಕ ಅಪರಾಧ ವಿಭಾಗವಿದೆ. 2024ರ ಜುಲೈ 1ರ ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಹಿಂದಿನ 420 ಈಗ 318(4), ಖೋಟಾ ದಾಖಲೆಗೆ 336ರಿಂದ ಮುಂದಿನ ಕಲಮುಗಳು.

ಬರೆಯುವ ರೀತಿ

ಎರಡು ಪುಟ ಸಾಕು. ಸಾಲದ ಖಾತೆ ಸಂಖ್ಯೆ, ಫ್ಲ್ಯಾಟಿನ ವಿಳಾಸ, ವರದಿಯ ತಾರೀಕು ಮೊದಲು ಬರಲಿ. ಆಮೇಲೆ ಒಂದೊಂದು ಸಂಗತಿಗೂ ಒಂದೊಂದು ಲಗತ್ತು. ಉದಾಹರಣೆಗೆ ಹೀಗೆ: ‘ವರದಿಯ 2ನೇ ಪುಟದಲ್ಲಿ ಕಾರ್ಪೆಟ್ ವಿಸ್ತೀರ್ಣ 890 ಚದರಡಿ ಎಂದಿದೆ. ನೋಂದಾಯಿತ ಕರಾರಿನಲ್ಲಿ 712 ಚದರಡಿ ಇದೆ (ಲಗತ್ತು 3). ವರದಿಯಲ್ಲಿ ನಮೂದಿಸಿದ ಭೇಟಿಯ ದಿನ ಮನೆಗೆ ಬೀಗವಿತ್ತು. ಸೊಸೈಟಿಯ ಗೇಟಿನ ದಾಖಲೆಯಲ್ಲಿ ಅಂದು ಯಾರೂ ಬಂದ ನಮೂದಿಲ್ಲ (ಲಗತ್ತು 4).’ ಕೊನೆಗೆ ಏನು ಬೇಕೆಂದು ಸ್ಪಷ್ಟವಾಗಿ ಕೇಳಿ: ಹೊಸ ಮೌಲ್ಯಮಾಪನ, ತನಿಖೆ, ಲಿಖಿತ ಉತ್ತರ. ‘ಕಳ್ಳರು’, ‘ಶಾಮೀಲು’ ಎಂಬ ಪದ ನೀವು ಬಳಸಬೇಡಿ. ಆ ತೀರ್ಮಾನ ತನಿಖೆ ಮಾಡುವವರದು.

ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಮೌಲ್ಯಮಾಪಕರ ಹೆಸರು ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ದೂರಿಗೆ ಮಾನನಷ್ಟದ ಕಾನೂನಿನಲ್ಲಿ ರಕ್ಷಣೆ ಇದೆ. ಆ ರಕ್ಷಣೆ ಗುಂಪಿನ ಸಂದೇಶಕ್ಕೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ಏಜೆಂಟನ ಮಾತು ಕೇಳಿ ಉಬ್ಬಿಸಿದ ಕರಾರಿಗೆ ನೀವೇ ಸಹಿ ಹಾಕಿದ್ದರೆ ದೂರು ಕೊಡುವ ಮೊದಲು ವಕೀಲರನ್ನು ಕಾಣಿ, ಏಕೆಂದರೆ ಆ ಕಾಗದದಲ್ಲಿ ನಿಮ್ಮ ಹೆಸರೂ ಇದೆ. ಇನ್ನೂ ಸಹಿ ಹಾಕಿಲ್ಲವೆಂದರೆ ದಯವಿಟ್ಟು ಅಲ್ಲೇ ನಿಲ್ಲಿ. ಟೆಕ್ನಿಕಲ್ ವರದಿಯ ಪ್ರತಿಯನ್ನು ಇವತ್ತೇ ಬರೆದು ಕೇಳಿ, ಕರಾರಿನ ಸರ್ವೆ ನಂಬರು ಹಿಡಿದು ಇವತ್ತು ರಾತ್ರಿಯೇ ಇಂಡೆಕ್ಸ್-2 ತೆರೆದು ನೋಡಿ.